ಮೀನು ಮೈ ಉಜ್ಜುವುದು ನಿಲ್ಲುತ್ತಲೇ ಇಲ್ಲವೇ? ಸಿಹಿನೀರಿನ ತೊಟ್ಟಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೀನು ಕಲ್ಲಿನ ಹತ್ತಿರ ಬರುತ್ತದೆ. ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಥಟ್ಟನೆ ಪಕ್ಕಕ್ಕೆ ವಾಲಿ, ಹೊಟ್ಟೆಯ ಬೆಳ್ಳಿ ಮಿಂಚಿಸಿ, ಕಲ್ಲಿಗೆ ಮೈ ತೀಡಿ ಓಡಿಬಿಡುತ್ತದೆ. ಎಮ್ಮೆ ಕಂಬಕ್ಕೆ ಮೈ ಉಜ್ಜುತ್ತದಲ್ಲ, ಹಾಗೇ. ಆದರೆ ಎಮ್ಮೆ ಆರಾಮಾಗಿ ಉಜ್ಜುತ್ತದೆ, ಮೀನು ಏನೋ ಕಚ್ಚಿದ ಹಾಗೆ ಉಜ್ಜುತ್ತದೆ.

ದಿನಕ್ಕೆ ಒಂದೆರಡು ಸಲ ಹೀಗಾದರೆ ಚಿಂತೆ ಬೇಡ. ಲೋಚ್ ಜಾತಿಯ ಮೀನುಗಳಂತೂ ಏನೂ ಇಲ್ಲದಿದ್ದರೂ ಆಗಾಗ ಮರಳಿಗೆ ಮೈ ತಿಕ್ಕುತ್ತವೆ. ಆದರೆ ವಾರಗಟ್ಟಲೆ ಉಜ್ಜುತ್ತಲೇ ಇದ್ದು, ಔಷಧಿ ಹಾಕಿದಾಗ ಕಡಿಮೆಯಾಗಿ, ಮತ್ತೆ ಶುರುವಾದರೆ ಅದು ಬೇರೆ ಕಥೆ. ನನ್ನ ಬಾರ್ಬ್ ಮೀನುಗಳು ಎರಡೂವರೆ ತಿಂಗಳು ಹೀಗೆ ಉಜ್ಜಿದವು. ಬಿಳಿಚುಕ್ಕೆ ರೋಗದ ಔಷಧಿಯನ್ನು ಮೂರು ಸಲ ಹಾಕಿದೆ. ಮೂರೂ ಸಲ ಮೀನಿನ ಮೈ ಮೇಲೆ ಒಂದೇ ಒಂದು ಚುಕ್ಕೆ ಇರಲಿಲ್ಲ! ಕೊನೆಗೆ ಸಿಕ್ಕಿದ್ದು ಕಿವಿರಿನ ಹುಳ. ಅದಕ್ಕೆ ಆ ಔಷಧಿ ಏನೂ ಮಾಡಿರಲಿಲ್ಲ.

ಅಲ್ಲಿಂದೀಚೆಗೆ ನಾನು ಬಾಟಲಿ ಮುಟ್ಟುವ ಮೊದಲು ಪುಸ್ತಕ, ಪೆನ್ನು ಹಿಡಿಯುತ್ತೇನೆ. ತುರಿಕೆ ಹೋಗದೆ ಇರಲು ಬಹುತೇಕ ಸಲ ಔಷಧಿಯ ಶಕ್ತಿ ಕಾರಣ ಅಲ್ಲ. ಎಣಿಸದೆ, ಅಳೆಯದೆ, ದಿನ ಲೆಕ್ಕ ಹಾಕದೆ ಸುರಿದದ್ದೇ ಕಾರಣ.

ಹೆಜ್ಜೆ 1: ಎಣಿಸಿ

ದಿನವೂ ಒಂದೇ ಹೊತ್ತಿಗೆ, ಊಟ ಹಾಕುವ ಮೊದಲು, ತೊಟ್ಟಿಯಿಂದ ನಾಲ್ಕು ಅಡಿ ದೂರ ಕುಳಿತು 10 ನಿಮಿಷ ನೋಡಿ. ಯಾವ ಮೀನು ಎಷ್ಟು ಸಲ ಉಜ್ಜಿತು ಅಂತ ಬರೆದಿಡಿ. ದೇಹದ ಯಾವ ಭಾಗ ಉಜ್ಜುತ್ತದೆ ಅನ್ನೋದನ್ನೂ ಗಮನಿಸಿ. ಮತ್ತೆ ಮತ್ತೆ ಕಿವಿರಿನ ಮುಚ್ಚಳವನ್ನೇ ತೀಡುತ್ತಿದ್ದರೆ, ತೊಂದರೆ ಕಿವಿರಿನಲ್ಲೇ ಇರುವ ಸಾಧ್ಯತೆ ಜಾಸ್ತಿ.

ಔಷಧಿ ಇಲ್ಲದೆ ಮೂರು ದಿನ ಹೀಗೆ ಮಾಡಿ. ಮೀನು ಮೇಲೆ ಬಂದು ಏದುಸಿರು ಬಿಡುತ್ತಿದ್ದರೆ, ಊಟ ಬಿಟ್ಟಿದ್ದರೆ ಮಾತ್ರ ಕಾಯಬೇಡಿ, ಆವತ್ತೇ ಮುಂದಿನ ಹೆಜ್ಜೆಗಳನ್ನು ಮುಗಿಸಿ.

ಈ ಲೆಕ್ಕ ಏನು ಹೇಳುತ್ತದೆ ಅನ್ನುವುದಕ್ಕೆ ಇನ್ನೊಂದು ತೊಟ್ಟಿಯ ಪುಟ ನೋಡಿ: ಭಾನುವಾರ 19, ಸೋಮವಾರ 8, ಮಂಗಳವಾರ 2, ಬುಧವಾರ 1. ಮುಂದಿನ ಭಾನುವಾರ ಮತ್ತೆ 17. ಭಾನುವಾರ ನಾನು ನೀರು ಬದಲಿಸುವ ದಿನ. ಯಾವ ಹುಳವೂ ವಾರ ನೋಡಿಕೊಂಡು ಕಚ್ಚುವುದಿಲ್ಲ ಅಲ್ವಾ? ನಲ್ಲಿ ನೀರನ್ನು ಶುದ್ಧ ಮಾಡಲು ಬೆರೆಸುವ ಕ್ಲೋರಮೈನ್ ಮೀನಿನ ಕಿವಿರನ್ನು ಸುಡುತ್ತಿತ್ತು.

ಹೆಜ್ಜೆ 2: ನೀರನ್ನು ಮೊದಲು ಅನುಮಾನಿಸಿ

ಮೀನಿನ ಕಸದಿಂದ ನೀರಿನಲ್ಲಿ ಹುಟ್ಟುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಸ್ವಲ್ಪವೇ ಇದೆ, ಪರವಾಗಿಲ್ಲ ಅನ್ನುವ ಮಾತು ಬೇಡ. ಅದರಲ್ಲೂ ಪಿಎಚ್ ಜಾಸ್ತಿ ಇರುವ ತೊಟ್ಟಿಯಲ್ಲಿ. ಪರೀಕ್ಷೆಯಲ್ಲಿ ಕಾಣುವುದು ಒಟ್ಟು ಅಮೋನಿಯಾ. ಅದರಲ್ಲಿ ವಿಷದ ಭಾಗ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7 ಇದ್ದಾಗ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 8 ಆದರೆ ಅದೇ ನೀರಿನಲ್ಲಿ ನೂರಕ್ಕೆ ಸುಮಾರು ಐದು ಪಾಲು. ಪರೀಕ್ಷಾ ಪಟ್ಟಿಯ ಬಣ್ಣ ಒಂದೇ, ಮೀನಿಗೆ ಆಗುವ ಉರಿ ಮಾತ್ರ ಹಲವು ಪಟ್ಟು.

ಕ್ಲೋರಿನ್ ಆದರೆ ನೀರನ್ನು ಒಂದು ದಿನ ಗಾಳಿಯಾಡಿಸಿ ಇಟ್ಟರೆ ಹೋಗುತ್ತದೆ. ಕ್ಲೋರಮೈನ್ ಹಾಗೆ ಹೋಗುವುದಿಲ್ಲ, ಅದಕ್ಕೆ ವಾಟರ್ ಕಂಡಿಷನರ್ ಬೇಕೇ ಬೇಕು. ನಲ್ಲಿ ನೀರನ್ನು ನೇರ ತೊಟ್ಟಿಗೆ ಬಿಡುವವರು ಹೊಸ ನೀರಿಗಷ್ಟೇ ಅಲ್ಲ, ಇಡೀ ತೊಟ್ಟಿಯ ಅಳತೆಗೆ ಕಂಡಿಷನರ್ ಹಾಕುವುದು ಒಳ್ಳೆಯದು. ಹಳೆ ನೀರು, ಹೊಸ ನೀರಿನ ಪಿಎಚ್ ಮತ್ತು ಬಿಸಿಯ ನಡುವೆ ಅಂತರ ಜಾಸ್ತಿ ಇದ್ದರೂ ಮೀನು ಉಜ್ಜುತ್ತದೆ. ಎರಡನ್ನೂ ಅಳೆದು ನೋಡಿ.

ನೀರಿನಲ್ಲಿ ದೋಷ ಸಿಕ್ಕರೆ ಅದನ್ನೇ ಸರಿ ಮಾಡಿ, ಒಂದು ವಾರ ಎಣಿಸಿ. ಎಣಿಕೆ ಇಳಿದರೆ ಕೆಲಸ ಮುಗಿಯಿತು. ಮೀನಿನ ಮೈ ಮೇಲೆ ಏನೂ ಕಾಣದೆ, ಎಲ್ಲಾ ಮೀನೂ ಒಟ್ಟಿಗೆ, ಅದೇ ದಿನ ಉಜ್ಜಲು ಶುರು ಮಾಡಿದರೆ ನಾನು ನೀರನ್ನೇ ಹಿಡಿಯುತ್ತೇನೆ. ಒಂದೆರಡು ಮೀನಿನಿಂದ ಶುರುವಾಗಿ ನಿಧಾನಕ್ಕೆ ಹರಡಿದರೆ ಪರಾವಲಂಬಿ.

ಹೆಜ್ಜೆ 3: ಹತ್ತಿರದಿಂದ ನೋಡಿ

ಕೋಣೆಯ ದೀಪ ಆರಿಸಿ, ಟಾರ್ಚ್ ಅನ್ನು ಮೀನಿನ ಪಕ್ಕದಿಂದ ಓರೆಯಾಗಿ ಬಿಡಿ. ಎದುರಿನಿಂದ ಬಿಟ್ಟರೆ ಹೊಳಪಿನಲ್ಲಿ ಏನೂ ಕಾಣಿಸುವುದಿಲ್ಲ.

ಉಪ್ಪಿನ ಹರಳು ಉದುರಿಸಿದ ಹಾಗೆ ಬಿಡಿಬಿಡಿ ಬಿಳಿ ಚುಕ್ಕೆ ಇದ್ದರೆ ಬಿಳಿಚುಕ್ಕೆ ರೋಗ, ಅಂದರೆ ಇಕ್. ಗಂಡು ಗೋಲ್ಡ್‌ಫಿಶ್‌ಗೆ ಮರಿ ಮಾಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ ಸಾಲಾಗಿ ಬಿಳಿ ಗುಳ್ಳೆ ಏಳುತ್ತವೆ. ಅದು ರೋಗವಲ್ಲ, ಪಾಪ, ಅದಕ್ಕೆ ಔಷಧಿ ಕುಡಿಸಬೇಡಿ. ಓರೆ ಬೆಳಕಿನಲ್ಲಿ ಮಾತ್ರ ಕಾಣುವ, ಚಿನ್ನದ ಪುಡಿ ಎರಚಿದ ಹಾಗಿನ ಸಣ್ಣ ಧೂಳು ವೆಲ್ವೆಟ್ ರೋಗ. ಮೈ ಮೇಲೆ ಬೂದು ನೀಲಿ ಪೊರೆ, ಮಂಕಾದ ಬಣ್ಣ, ಮಡಚಿಕೊಂಡ ರೆಕ್ಕೆ ಕಂಡರೆ ಕೋಸ್ಟಿಯಾ, ಟ್ರೈಕೋಡಿನಾ ಅಥವಾ ಚಿಲೋಡೋನೆಲ್ಲಾ ಎಂಬ ಬರಿಗಣ್ಣಿಗೆ ಕಾಣದ ಪರಾವಲಂಬಿಗಳು. ಕೆಂಪಾದ ಬುಡದಿಂದ ದಾರದ ತುಂಡು ಹೊರಗೆ ನೇತಾಡುತ್ತಿದ್ದರೆ ಆಂಕರ್ ವರ್ಮ್. ಚಪ್ಪಟೆ ಬಿಲ್ಲೆಯಂಥದ್ದು ಮೈ ಮೇಲೆ ಸರಿದಾಡಿದರೆ ಮೀನಿನ ಹೇನು.

ಮೈ ಮೇಲೆ ಏನೂ ಇಲ್ಲ, ಆದರೆ ಉಸಿರು ಜೋರು, ಒಂದು ಪಕ್ಕದ ಕಿವಿರು ಮುಚ್ಚಿಕೊಂಡೇ ಇದೆ. ಹೀಗಿದ್ದರೆ ಕಿವಿರಿನ ಹುಳ, ಅಂದರೆ ಗಿಲ್ ಫ್ಲೂಕ್ ಬಗ್ಗೆ ಯೋಚಿಸಿ. ಇಕ್ ಕೂಡ ಕೆಲವು ಸಲ ಬರೀ ಕಿವಿರಿನಲ್ಲೇ ಅಡಗಿರುತ್ತದೆ ಅನ್ನೋದು ನೆನಪಿರಲಿ.

ಮೈಕ್ರೋಸ್ಕೋಪ್ ಸಿಗುವುದಾದರೆ ಅನುಮಾನವೇ ಉಳಿಯುವುದಿಲ್ಲ. ಮಕ್ಕಳು ಶಾಲೆಯಲ್ಲಿ ಬಳಸುವಂಥದ್ದೇ ಸಾಕು. ಕೈ ಒದ್ದೆ ಮಾಡಿಕೊಂಡು ಮೀನನ್ನು ಒದ್ದೆ ಬಟ್ಟೆಯ ಮೇಲೆ ಹಿಡಿಯಿರಿ. ಗಾಜಿನ ಸ್ಲೈಡಿನ ಅಂಚಿನಿಂದ ಎದೆಯ ರೆಕ್ಕೆಯ ಹಿಂದೆ, ತಲೆಯಿಂದ ಬಾಲದ ಕಡೆಗೆ ಮೆಲ್ಲಗೆ ಒಮ್ಮೆ ಎಳೆಯಿರಿ. ಲೋಳೆ ಬಂದರೆ ಸಾಕು, ಹುರುಪೆ ಬರಬಾರದು. ಮೀನನ್ನು ತಕ್ಷಣ ನೀರಿಗೆ ಬಿಡಿ. ಲೋಳೆಗೆ ತೊಟ್ಟಿಯದೇ ನೀರು ಒಂದು ಹನಿ ಹಾಕಿ, ಕವರ್ ಸ್ಲಿಪ್ ಮುಚ್ಚಿ ನೋಡಿ. ತಡ ಮಾಡಿದರೆ ಲೋಳೆಯಲ್ಲಿರುವ ಪರಾವಲಂಬಿಗಳು ಸತ್ತುಹೋಗುತ್ತವೆ. ಓಡಾಡದೆ ಇದ್ದರೆ ಗುರುತು ಸಿಗುವುದು ಕಷ್ಟ.

40ರಿಂದ 100 ಪಟ್ಟು ಹಿಗ್ಗಿಸಿದಾಗ ಇಕ್ ದೊಡ್ಡ ಕಪ್ಪನೆ ಉಂಡೆಯಂತೆ ಮೆಲ್ಲಗೆ ಹೊರಳುತ್ತದೆ, ಒಳಗೆ ಕುದುರೆ ಲಾಳದ ಆಕಾರ ಕಾಣುತ್ತದೆ. ಟ್ರೈಕೋಡಿನಾ ಹಲ್ಲಿನ ಚಕ್ರದ ಹಾಗೆ ಗಿರಗಿರ ತಿರುಗುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಚಿಲೋಡೋನೆಲ್ಲಾ ಹೃದಯದ ಆಕಾರದಲ್ಲಿ ತೇಲಿದ ಹಾಗೆ ಸಾಗುತ್ತದೆ. ಕೋಸ್ಟಿಯಾ ಬಹಳ ಚಿಕ್ಕದು, 400 ಪಟ್ಟು ಬೇಕು, ಮಿಣುಕುತ್ತಾ ಓಡುತ್ತದೆ. ಚರ್ಮದ ಹುಳ, ಕಿವಿರಿನ ಹುಳಗಳು ಜಿಗಣೆಯ ಹಾಗೆ ಚಾಚಿ ಮುದುಡುತ್ತವೆ. ತಲೆಯಲ್ಲಿ ನಾಲ್ಕು ಕಪ್ಪು ಕಣ್ಚುಕ್ಕೆ ಇದ್ದರೆ ಡ್ಯಾಕ್ಟೈಲೋಗೈರಸ್, ಮೊಟ್ಟೆ ಇಡುವ ಜಾತಿ. ಕಣ್ಚುಕ್ಕೆ ಇಲ್ಲದಿದ್ದರೆ ಗೈರೋಡ್ಯಾಕ್ಟೈಲಸ್, ಮರಿ ಹಾಕುವ ಜಾತಿ. ಇದರ ಹೊಟ್ಟೆಯಲ್ಲಿ ಮರಿ, ಆ ಮರಿಯ ಹೊಟ್ಟೆಯಲ್ಲಿ ಆಗಲೇ ಮೊಮ್ಮರಿ! ಮರಿಯ ಕೊಕ್ಕೆಗಳು ತಾಯಿಯ ಮೈಯೊಳಗೇ ಕಾಣಿಸುತ್ತವೆ. ಒಂದೇ ಹುಳ ಉಳಿದರೂ ಮತ್ತೆ ತೊಟ್ಟಿ ತುಂಬುವುದು ಹೀಗೆ.

ಹೆಜ್ಜೆ 4: ನಿಜವಾದ ನೀರಿನ ಲೆಕ್ಕ

ಅಂಗಡಿಯವರು ಹೇಳಿದ ಲೀಟರ್ ನಂಬಬೇಡಿ. 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರದ ತೊಟ್ಟಿ ಲೆಕ್ಕಕ್ಕೆ ಸುಮಾರು 65 ಲೀಟರ್. ಆದರೆ ನೀರು ಇರುವುದು 32 ಸೆಂ.ಮೀ. ತನಕ, ಅದರಲ್ಲಿ ಕೆಳಗಿನ 5 ಸೆಂ.ಮೀ. ಜಲ್ಲಿ. ಉಳಿದದ್ದು 27. ಈಗ 60 × 30 × 27 ಮಾಡಿ 1000ದಿಂದ ಭಾಗಿಸಿ: 48.6. ದೊಡ್ಡ ಕಲ್ಲು, ಕಟ್ಟಿಗೆ ಇದ್ದರೆ ಇನ್ನೂ ಕಡಿಮೆ. 48 ಲೀಟರ್ ಇರುವ ಕಡೆ 65 ಲೀಟರಿನ ಔಷಧಿ ಸುರಿದರೆ ಮೀನು ಬೇಕಾದದ್ದಕ್ಕಿಂತ ಮೂರನೇ ಒಂದು ಪಾಲಿಗೂ ಮೀರಿ ಹೆಚ್ಚುವರಿ ಡೋಸ್ ತಿನ್ನುತ್ತದೆ. ಹೆದರಿ ಅಂದಾಜಿನಲ್ಲಿ ಅರ್ಧ ಹಾಕಿದರೆ ಹುಳ ಬದುಕುತ್ತದೆ.

ಹೆಜ್ಜೆ 5: ತೊಟ್ಟಿ ಸಿದ್ಧ ಮಾಡಿ

ಫಿಲ್ಟರಿನ ಆಕ್ಟಿವೇಟೆಡ್ ಕಾರ್ಬನ್ ತೆಗೆಯಿರಿ, ಇಲ್ಲದಿದ್ದರೆ ಅದೇ ಔಷಧಿ ಕುಡಿಯುತ್ತದೆ. ಯುವಿ ದೀಪ ಆರಿಸಿ. ಜಿಯೋಲೈಟ್ ಇದ್ದರೆ ಉಪ್ಪು ಹಾಕುವ ಮೊದಲು ಹೊರಗೆ ಹಾಕಿ. ಹಿಡಿದಿಟ್ಟ ಅಮೋನಿಯಾವನ್ನು ಉಪ್ಪು ಸೋಕಿದ ಕೂಡಲೇ ಅದು ವಾಪಸ್ ಬಿಟ್ಟುಬಿಡುತ್ತದೆ. ತಳದ ಕಸ ಎಳೆದು, ನೂರಕ್ಕೆ 30 ಪಾಲು ನೀರು ಬದಲಿಸಿ. ಒಂದು ಗಾಳಿಕಲ್ಲು ಜಾಸ್ತಿ ಹಾಕಿ. ಸಿಗಡಿ, ಬಸವನಹುಳು ಇದ್ದರೆ ಬೇರೆ ಕಡೆಗೆ ಕಳಿಸಿ.

ಚಿಕಿತ್ಸೆ ಇಡೀ ತೊಟ್ಟಿಗೆ, ಉಜ್ಜುವ ಮೀನಿಗೆ ಮಾತ್ರ ಅಲ್ಲ. ಉಜ್ಜುವ ಮೀನನ್ನು ಎತ್ತಿ ಬೇರೆ ಡಬ್ಬಿಗೆ ಹಾಕಿ ವಾಸಿ ಮಾಡಿ ವಾಪಸ್ ಬಿಟ್ಟರೆ, ಹುಳದ ಮರಿಗಳು ತೊಟ್ಟಿಯಲ್ಲಿ ಅದಕ್ಕೇ ಕಾಯುತ್ತಿರುತ್ತವೆ.

ಹೆಜ್ಜೆ 6: ರೋಗಕ್ಕೆ ತಕ್ಕ ಮದ್ದು

*ಇಕ್.* ಇದರ ಪೂರ್ತಿ ಹೆಸರು ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್, ಬಹಳ ಮಕ್ಕಳ ಮೀನಿನ ಹೇನು ಅಂತ ಅರ್ಥ. 1876ರಲ್ಲಿ ಫೂಕೆ ಎಂಬ ವಿಜ್ಞಾನಿ ಇಟ್ಟ ಹೆಸರು, ಚೆನ್ನಾಗಿಯೇ ಇಟ್ಟಿದ್ದಾನೆ. ಚುಕ್ಕೆ ಒಡೆದು ಹೊರಬಿದ್ದ ಜೀವಿ ತಳಕ್ಕೆ ಅಂಟಿ, ಸುತ್ತ ಗೂಡು ಕಟ್ಟಿಕೊಂಡು, ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಒಂದೆರಡು ದಿನದಲ್ಲಿ ಮೀನು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಸಾಯುತ್ತವೆ. ಔಷಧಿ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗೆ ಕುಳಿತದ್ದಕ್ಕೂ, ಗೂಡಿನೊಳಗೆ ಇರುವುದಕ್ಕೂ ಏನೂ ಆಗುವುದಿಲ್ಲ. ಆದ್ದರಿಂದಲೇ ಚುಕ್ಕೆ ಹೋಯಿತು ಅಂತ ನಾಲ್ಕನೇ ದಿನ ನಿಲ್ಲಿಸಿದವರ ತೊಟ್ಟಿಯಲ್ಲಿ ಹತ್ತನೇ ದಿನ ಮತ್ತೆ ಚುಕ್ಕೆ.

ನನಗೆ ಇಷ್ಟವಾದ ದಾರಿ ಬಿಸಿ ಮತ್ತು ಉಪ್ಪು. ಮೀನುಗಳು ತಡೆಯುವಂಥವಾದರೆ ನೀರಿನ ಬಿಸಿಯನ್ನು ದಿನಕ್ಕೆ 1ರಿಂದ 2 ಡಿಗ್ರಿಯಂತೆ 30ಕ್ಕೆ ಏರಿಸಿ. ಆ ಬಿಸಿಯಲ್ಲಿ ಇಕ್‌ನ ಹೆಚ್ಚಿನ ತಳಿಗಳು ಮರಿ ಮಾಡಲಾರವು. 14 ದಿನ ಅಲ್ಲೇ ಇಡಿ. ಕೊನೆಯ ಚುಕ್ಕೆ ಹನ್ನೆರಡನೇ ದಿನ ಹೋಗಿದ್ದರೆ ಇನ್ನೂ ಮೂರು ನಾಲ್ಕು ದಿನ ಸೇರಿಸಿ. ಬಿಸಿ ಏರಿದರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿ.ಗ್ರಾಂ ಹಿಡಿಯುವ ನೀರು 30ರಲ್ಲಿ 7.5 ಮಾತ್ರ ಹಿಡಿಯುತ್ತದೆ. ಗಾಳಿಕಲ್ಲು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ತಣ್ಣೀರಿನ ಮೀನುಗಳಿಗೆ ಇದು ಬೇಡವೇ ಬೇಡ. ಮೀನಿನ ಬೆನ್ನ ಮೇಲೆ ಜೀನು ಹಾಕಿದ ಹಾಗೆ ಬಿಳಿ ಮಚ್ಚೆ ಇದ್ದರೂ ಬೇಡ. ಅದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಇರಬಹುದು, ಬಿಸಿಗೆ ಇನ್ನೂ ಉಲ್ಬಣಿಸುತ್ತದೆ.

ಉಪ್ಪು ಲೀಟರಿಗೆ 2 ಗ್ರಾಂ. ಬೇರೇನೂ ಬೆರೆಸದ ಉಪ್ಪು ಸಾಕು. 48 ಲೀಟರಿಗೆ 96 ಗ್ರಾಂ. ಒಂದೇ ಸಲ ಅಲ್ಲ, 32 ಗ್ರಾಂನಂತೆ ಮೂರು ಭಾಗ ಮಾಡಿ, ತೊಟ್ಟಿಯ ನೀರಲ್ಲೇ ಕರಗಿಸಿ, 12 ಗಂಟೆಗೊಂದು. ಉಪ್ಪು ಆವಿಯಾಗುವುದಿಲ್ಲ. ನೀರು ಆರಿ ಕಡಿಮೆಯಾದರೆ ಸಪ್ಪೆ ನೀರು ಸೇರಿಸಿ. 12 ಲೀಟರ್ ತೆಗೆದು ಬದಲಿಸಿದರೆ ಮಾತ್ರ 24 ಗ್ರಾಂ ಉಪ್ಪು ಸೇರಿಸಿ. ಗಿಡಗಳು ತುಂಬಿದ ತೊಟ್ಟಿಯಾದರೆ ಉಪ್ಪು ಬಿಟ್ಟು ಬರೀ ಬಿಸಿ ಸಾಕು. ಕೆಲವು ಗಿಡಗಳು ಉಪ್ಪಿಗೆ ಕೊಳೆತುಹೋಗುತ್ತವೆ.

ಫಾರ್ಮಲಿನ್, ಮ್ಯಾಲಕೈಟ್ ಗ್ರೀನ್ ಬೆರೆಸಿದ ಬಾಟಲಿ ಔಷಧಿಯೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಲೇಬಲ್ ಹೇಳಿದ ಅಳತೆಗಿಂತ ಒಂದು ಹನಿ ಜಾಸ್ತಿ ಬೇಡ. ಟೆಟ್ರಾ, ಲೋಚ್, ಕ್ಯಾಟ್‌ಫಿಶ್ ಇದ್ದರೆ ಲೇಬಲ್ ಅರ್ಧ ಡೋಸ್ ಹೇಳುತ್ತದೆಯೇ ನೋಡಿ. ಕೈಗವಸು ಹಾಕಿ, ಕಿಟಕಿ ತೆರೆಯಿರಿ. ತಣ್ಣಗಿನ ಜಾಗದಲ್ಲಿಟ್ಟು ತಳದಲ್ಲಿ ಬಿಳಿ ಗಷ್ಟು ಕಟ್ಟಿದ ಫಾರ್ಮಲಿನ್ ಮೀನಿಗೆ ಭಾರೀ ವಿಷ, ಬಳಸಲೇಬೇಡಿ. ತಿನ್ನಲು ಸಾಕುವ ಮೀನಿಗೆ ಮ್ಯಾಲಕೈಟ್ ಗ್ರೀನ್ ತಾಗಿಸಲೂ ಬಾರದು.

*ಚರ್ಮದ ಹುಳ, ಕಿವಿರಿನ ಹುಳ.* ಬಹಳ ಕಾಲ ಕಾಡುವ ತುರಿಕೆಯ ಹಿಂದೆ ನಾನು ಮೊದಲು ಹುಡುಕುವುದು ಇವನ್ನೇ. ಮದ್ದು ಪ್ರಾಜಿಕ್ವಾಂಟೆಲ್, ಲೀಟರಿಗೆ 2ರಿಂದ 2.5 ಮಿ.ಗ್ರಾಂ. ನಮ್ಮ 48 ಲೀಟರಿಗೆ 2.5ರಂತೆ 120 ಮಿ.ಗ್ರಾಂ. ಕಣ್ಣಳತೆಯಲ್ಲಿ ಹಾಕುವ ಮದ್ದಲ್ಲ ಇದು, ಸಣ್ಣ ತಕ್ಕಡಿ ಬೇಕು. ನಾಯಿಗಳಿಗೆ ಕೊಡುವ ಜಂತುಹುಳದ ಮಾತ್ರೆಯಲ್ಲಿ ಪ್ರಾಜಿಕ್ವಾಂಟೆಲ್ ಜೊತೆ ಬೇರೆ ಮದ್ದೂ ಇರುತ್ತದೆ, ಅದನ್ನು ಪುಡಿ ಮಾಡಿ ಹಾಕುವ ಸಾಹಸ ಬೇಡ.

ಈ ಪುಡಿ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಸುಮ್ನೆ ಮೇಲೆ ಉದುರಿಸಿದರೆ ಬಿಳಿಯಾಗಿ ತೇಲುತ್ತಾ ಗಾಜಿಗೆ ಅಂಟುತ್ತದೆ. ನಾನು ಮಾಡುವುದು ಹೀಗೆ: ಮುಚ್ಚಳವಿರುವ ಸಣ್ಣ ಬಾಟಲಿಗೆ ಪುಡಿ ಹಾಕಿ, ಅರ್ಧ ಭಾಗ ತೊಟ್ಟಿಯ ನೀರು ತುಂಬಿ, ತೋಳು ನೋಯುವ ತನಕ ಕುಲುಕುತ್ತೇನೆ. ನೊರೆ ಬರುತ್ತದೆ. ಫಿಲ್ಟರಿನ ನೀರು ಬೀಳುವ ಜಾಗಕ್ಕೆ ಸುರಿಯುತ್ತೇನೆ. ಬಾಟಲಿಯಲ್ಲಿ ಉಳಿದ ಪುಡಿಗೆ ಮತ್ತೆ ನೀರು, ಮತ್ತೆ ಕುಲುಕು. ನಾಲ್ಕೈದು ಸಲಕ್ಕೆ ಬಾಟಲಿ ಖಾಲಿಯಾಗುತ್ತದೆ.

ಮುಖ್ಯ ವಿಷಯ ಈಗ. ಪ್ರಾಜಿಕ್ವಾಂಟೆಲ್ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಕಿವಿರಿನ ಹುಳದ ಮೊಟ್ಟೆ ಬೆಚ್ಚಗಿನ ನೀರಿನಲ್ಲಿ ಕೆಲವೇ ದಿನದಲ್ಲಿ ಒಡೆಯುತ್ತದೆ. ಹೊಸ ಮರಿ ದೊಡ್ಡದಾಗಿ ಮೊಟ್ಟೆ ಇಡುವ ಮೊದಲೇ ಮುಂದಿನ ಡೋಸ್ ಬೀಳಬೇಕು. 25, 26 ಡಿಗ್ರಿಯ ನೀರಿಗೆ ನನ್ನ ಕ್ಯಾಲೆಂಡರ್: 1ನೇ ದಿನ, 6ನೇ ದಿನ, 11ನೇ ದಿನ. ಪ್ರತಿ ಡೋಸಿಗೆ ಮೊದಲು ನೂರಕ್ಕೆ 30ರಿಂದ 40 ಪಾಲು ನೀರು ಬದಲಾವಣೆ. ನೀರು ತಣ್ಣಗಿದ್ದರೆ ಮೊಟ್ಟೆ ಒಡೆಯುವುದು ತಡ, ಆಗ ಅಂತರ ಒಂದು ವಾರಕ್ಕೆ ಹಿಗ್ಗಿಸಿ, ನಾಲ್ಕನೇ ಡೋಸ್ ಸೇರಿಸಿ. ಮರಿ ಹಾಕುವ ಜಾತಿಯಾದರೆ ಮೊಟ್ಟೆಯ ಕಾಟ ಇಲ್ಲ, ಎರಡು ಡೋಸ್ ಸಾಮಾನ್ಯವಾಗಿ ಸಾಕು. ಯಾವ ಜಾತಿ ಅಂತ ಗೊತ್ತಿಲ್ಲದಿದ್ದರೆ ಮೂರು ಹಾಕಿ. ನನ್ನ ಬಾರ್ಬ್‌ಗಳಿಗೆ ಮೊದಲ ಡೋಸ್ ಆದ ಎರಡನೇ ದಿನ ಉಜ್ಜುವುದು ಜಾಸ್ತಿಯೇ ಆಯಿತು. ಮೂರನೇ ದಿನದಿಂದ ಇಳಿಯಿತು.

*ಕೋಸ್ಟಿಯಾ, ಟ್ರೈಕೋಡಿನಾ, ಚಿಲೋಡೋನೆಲ್ಲಾ.* ಉಪ್ಪಿನ ಸ್ನಾನದಿಂದ ಶುರು ಮಾಡಿ. ಬಕೆಟ್‌ನಲ್ಲಿ ತೊಟ್ಟಿಯದೇ ನೀರು, ಅದೇ ಬಿಸಿ, ಲೀಟರಿಗೆ 20 ಗ್ರಾಂ ಉಪ್ಪು, ಗಾಳಿಕಲ್ಲು. ಹೆಚ್ಚೆಂದರೆ 10 ನಿಮಿಷ. ಮೀನು ಮಗ್ಗುಲಾಗಿ ಉರುಳಿದರೆ ಆ ಕ್ಷಣ ಎತ್ತಿ ತೊಟ್ಟಿಗೆ ಬಿಡಿ, ಗಡಿಯಾರ ನೋಡಬೇಡಿ. ಮೊಬೈಲ್ ದೂರ ಇಡಿ, ಬಕೆಟ್ ಪಕ್ಕವೇ ಕುಳಿತಿರಿ. ಸ್ನಾನದಿಂದ ತೊಟ್ಟಿಯಲ್ಲಿ ಇರುವುದು ಸಾಯುವುದಿಲ್ಲ, ಹಾಗಾಗಿ ತೊಟ್ಟಿಗೂ ಉಪ್ಪು ಅಥವಾ ಫಾರ್ಮಲಿನ್ ಇರುವ ಔಷಧಿ ಬೇಕು. ಟ್ರೈಕೋಡಿನಾ ಮತ್ತೆ ಮತ್ತೆ ಬಂದರೆ ತೊಟ್ಟಿಯಲ್ಲಿ ಕೊಳೆ ಜಾಸ್ತಿ, ಮೀನು ಜಾಸ್ತಿ ಅಂತ ತಿಳಿಯಿರಿ. ಅದನ್ನು ಯಾವ ಬಾಟಲಿಯೂ ಸರಿ ಮಾಡದು.

*ವೆಲ್ವೆಟ್.* ತಾಮ್ರದ ಔಷಧಿ, ಜೊತೆಗೆ ಕತ್ತಲೆ. ಈ ಜೀವಿ ಬೆಳಕನ್ನೂ ಬಳಸಿಕೊಳ್ಳುತ್ತದೆ, ಆದ್ದರಿಂದ ತೊಟ್ಟಿಗೆ ಬಟ್ಟೆ ಮುಚ್ಚಿ. ತಾಮ್ರವನ್ನು ಟೆಸ್ಟ್ ಕಿಟ್ ಇಲ್ಲದೆ ಮುಟ್ಟಬೇಡಿ. ಮೆದು ನೀರಿನಲ್ಲಿ ಅದು ಮೀನನ್ನೇ ಕೊಲ್ಲುತ್ತದೆ.

*ಆಂಕರ್ ವರ್ಮ್, ಮೀನಿನ ಹೇನು.* ಇವು ಹುಳವಲ್ಲ, ಸಿಗಡಿಯ ದೂರದ ನೆಂಟರು, ಪ್ರಾಜಿಕ್ವಾಂಟೆಲ್‌ಗೆ ಬಗ್ಗುವುದಿಲ್ಲ. ಡೈಫ್ಲುಬೆನ್ಜುರಾನ್ ಇರುವ ಔಷಧಿ ಬೇಕು.

ಒಂದು ಔಷಧಿ ನಡೆಯುತ್ತಿರುವಾಗ ಇನ್ನೊಂದು ಬೆರೆಸಬೇಡಿ. ಬದಲಿಸಬೇಕಾದರೆ ಅರ್ಧ ನೀರು ಬದಲಿಸಿ, ಒಂದು ದಿನ ಕಾರ್ಬನ್ ಓಡಿಸಿ, ಕಾರ್ಬನ್ ತೆಗೆದು ಆಮೇಲೆ ಶುರು ಮಾಡಿ.

ಏನೂ ಕಾಣುತ್ತಿಲ್ಲ, ಮೈಕ್ರೋಸ್ಕೋಪೂ ಇಲ್ಲ ಅಂದರೆ?

ನೀರು ಸರಿ ಇದೆ ಅಂತ ಎರಡು ಸಲ ಖಚಿತ ಮಾಡಿಕೊಳ್ಳಿ. ನಂತರ ಪ್ರಾಜಿಕ್ವಾಂಟೆಲ್‌ನ ಮೂರು ಡೋಸ್ ಪೂರ್ತಿ ಮಾಡಿ. ಇದು ಮೀನಿಗೂ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಸೌಮ್ಯ, ಕುರುಡಾಗಿ ಹಾಕಲೇಬೇಕಾದರೆ ಇದೇ ಮೇಲು. ಎಣಿಕೆ ಇಳಿಯದಿದ್ದರೆ 5 ದಿನ ಬಿಡುವು ಕೊಟ್ಟು ಬಿಸಿ, ಉಪ್ಪಿನ ಸರದಿ. ಕಡು ಔಷಧಿಗಳು ಕೊನೆಗೆ.

ಹೆಜ್ಜೆ 7: ನಿಲ್ಲಿಸುವುದನ್ನೂ ಕಲಿಯಿರಿ

ಕೊನೆಯ ಡೋಸ್ ಆದ ಮೇಲೆ ಕಾರ್ಬನ್ ವಾಪಸ್ ಹಾಕಿ, ನೀರು ಬದಲಿಸಿ. ಬಿಸಿ ಏರಿಸಿದ್ದರೆ ಏರಿಸಿದಷ್ಟೇ ನಿಧಾನಕ್ಕೆ ಇಳಿಸಿ. ಅಮೋನಿಯಾ ಒಂದು ವಾರ ದಿನವೂ ನೋಡಿ, ಕೆಲವು ಔಷಧಿಗಳು ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಕೊಟ್ಟಿರುತ್ತವೆ.

ಹುಳ ಸತ್ತ ಮೇಲೂ ಒಂದೆರಡು ವಾರ ಮೀನು ಉಜ್ಜಬಹುದು. ಗಾಯ ಮಾಯುವಾಗ ನಮಗೂ ತುರಿಸುತ್ತದಲ್ಲ. ಇಲ್ಲೇ ಬಹಳ ಜನ ಗಾಬರಿಯಾಗಿ ಮತ್ತೊಂದು ಔಷಧಿ ಸುರಿಯುವುದು. ಔಷಧಿಯಿಂದ ಕಿವಿರು ಉರಿಯುತ್ತದೆ, ಉರಿಗೆ ಮೀನು ಉಜ್ಜುತ್ತದೆ, ಉಜ್ಜಿತು ಅಂತ ಮತ್ತೆ ಔಷಧಿ. ಪುಸ್ತಕ ತೆಗೆದು ನೋಡಿ. 14, 11, 12, 7, 5 ಅಂತ ಇಳಿಯುತ್ತಿದ್ದರೆ ಕೈ ಕಟ್ಟಿ ಕುಳಿತುಕೊಳ್ಳಿ. ಇಳಿದು, ಐದಾರು ದಿನ ನಿಂತು, ಮತ್ತೆ ಏರಿದರೆ ಮಾತ್ರ ಹುಳ ಉಳಿದಿದೆ.

ಬಲೆ, ಸೈಫನ್ ಪೈಪ್, ಬಕೆಟ್ ಎಲ್ಲವನ್ನೂ ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿ. ಒದ್ದೆ ಬಲೆಯೊಂದು ಸಾಕು, ಪಕ್ಕದ ತೊಟ್ಟಿಗೂ ಹಬ್ಬಿಸಲು. ಮುಂದೆ ಹೊಸ ಮೀನು ತಂದಾಗ 4 ವಾರ ಬೇರೆ ತೊಟ್ಟಿಯಲ್ಲಿಡಿ, ಅಲ್ಲೂ ದಿನಕ್ಕೆ 10 ನಿಮಿಷ ಎಣಿಸಿ. ಹೊಸ ಗಿಡವನ್ನೂ ಮೀನಿಲ್ಲದ ಬೆಚ್ಚಗಿನ ನೀರಿನಲ್ಲಿ ಎರಡು ವಾರ ಇಟ್ಟು ಆಮೇಲೆ ನೆಡಿ. ಇಕ್‌ನ ಗೂಡು ಎಲೆಗೆ ಅಂಟಿಕೊಂಡೂ ಬರುತ್ತದೆ.